ಒಂಟಿಯಾಗಿರುವ ಹಿರಿಯರ ರಕ್ಷಣೆ



ಯಲಹಂಕದ ಪುಟ್ಟೇನಹಳ್ಳಿಯ ಸುತ್ತಿನ ಹೊಲಗಳು ಬಡಾವಣೆಗಳಾದವು. ಮಕ್ಕಳು ಕೆಲಸಕ್ಕೆಂದು ದೂರ ಹೋದ ಮನೆಗಳಲ್ಲಿ ಮುದುಕರಷ್ಟೇ ಉಳಿದರು. ಹಿಂದೆ ಜಗಲಿಯ ಮೇಲಿನ ಅಜ್ಜನನ್ನು ಹೋಗಿಬರುವವರೆಲ್ಲ ಮಾತನಾಡಿಸುತ್ತಿದ್ದರು. ಈಗ ಪಕ್ಕದ ಮನೆಯವರೂ ಹೊಸಬರು. ಬಚ್ಚಲಲ್ಲಿ ಜಾರಿಬಿದ್ದರೆ ಕೂಗು ಕೇಳುವವರಿಲ್ಲ. ಎಷ್ಟೋ ಸಲ ಬಿದ್ದ ಪೆಟ್ಟಿಗಿಂತ, ನೀರಿಲ್ಲದೆ ಬಹಳ ಹೊತ್ತು ಬಿದ್ದಿರುವುದೇ ಹೆಚ್ಚಿನ ಅಪಾಯ.

ಆದುದರಿಂದ ಹೀಗೆ ಮಾಡಿರಿ:

1. ಹಾಲು ಹಾಕುವವರೋ ನೆರೆಯವರೋ ದಿನಕ್ಕೊಮ್ಮೆ ಮಾತನಾಡಿಸಲಿ. ಹೊತ್ತೇರಿದರೂ ಬಾಗಿಲು ತೆರೆಯದಿದ್ದರೆ ಕೂಡಲೇ ವಿಚಾರಿಸಿರಿ. ಇನ್ನೊಂದು ಬೀಗದ ಕೈ ನಂಬಿಕಸ್ಥ ನೆರೆಯವರಲ್ಲಿರಲಿ.

2. ಬಚ್ಚಲಿನ ಪಾಚಿ ತೊಳೆದು, ಗೋಡೆಗೆ ಹಿಡಿಕೆ ಹಾಕಿಸಿರಿ. ರಾತ್ರಿ ಸಣ್ಣ ದೀಪ ಉರಿಯಲಿ.

3. ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿರಿ: ತುರ್ತಿಗೆ 112, ಹಿರಿಯರ ಸಹಾಯವಾಣಿ 14567, ಬೆಂಗಳೂರಿನಲ್ಲಿ 1090.

4. ಮಕ್ಕಳಿಗೆ ಜಮೀನಿನ ದಾನಪತ್ರ ಮಾಡಿಕೊಡುವಾಗ, ತಮ್ಮನ್ನು ನೋಡಿಕೊಳ್ಳತಕ್ಕದ್ದೆಂಬ ಷರತ್ತನ್ನು ಹಿರಿಯರು ತಪ್ಪದೆ ಬರೆಯಿಸಲಿ. ನೋಡಿಕೊಳ್ಳದಿದ್ದಲ್ಲಿ, ತಂದೆತಾಯಿಯರ ಮತ್ತು ಹಿರಿಯರ ಪೋಷಣೆಯ 2007ರ ಕಾಯಿದೆಯ 23ನೆಯ ಕಲಮಿನಂತೆ ಪತ್ರದ ರದ್ದತಿಗೆ ಉಪವಿಭಾಗಾಧಿಕಾರಿಗಳಲ್ಲಿ ಅರ್ಜಿ ಸಲ್ಲಿಸಬಹುದು.

ದುಡಿದ ಎತ್ತನ್ನು ಮುಪ್ಪಿನಲ್ಲಿ ಕೊಟ್ಟಿಗೆಯಿಂದ ಅಟ್ಟದವರು ನಾವು. ನೆಲವನ್ನು ಹದಮಾಡಿ ಕೊಟ್ಟವರ ಬಾಗಿಲನ್ನು ದಿನಕ್ಕೊಮ್ಮೆ ತಟ್ಟುವುದು ನಮಗೆ ಭಾರವಾಗಬಾರದು.