ಬೋರ್ಡ್‌ನಲ್ಲಿ ಎಲ್ಲರೂ ‘ಹೂಂ’ ಅಂದರೆ ನಿರ್ಧಾರ ಸರಿ ಅಂತ ಅರ್ಥವೇ?

“ಬೋರ್ಡ್‌ನಲ್ಲಿ ಪ್ರೊಫೆಸರ್ ಇದ್ದಾರೆ, ನಿವೃತ್ತ ಐಎಎಸ್ ಅಧಿಕಾರಿ ಇದ್ದಾರೆ, ತೀರ್ಮಾನ ಸರ್ವಾನುಮತದಿಂದ ಆಗಿದೆ. ಇನ್ನೇನು ಭಯ?” ಈ ಷೇರು ಕೊಳ್ಳಿ ಎನ್ನುವ ಮೆಸೇಜಿನಲ್ಲೂ, ಹೊಸ ಸೊಸೈಟಿಯಲ್ಲಿ ಠೇವಣಿ ಇಡಿ ಎನ್ನುವ ಮೆಸೇಜಿನಲ್ಲೂ ಇದೇ ಮಾತು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಗಂಗಾವತಿಯಲ್ಲಿ ಭತ್ತ ಮಾರಿ ಬಂದ ದುಡ್ಡು, ಕುಷ್ಟಗಿ, ಯಲಬುರ್ಗಾದಲ್ಲಿ ಮಗಳ ಮದುವೆಗೆಂದು ಕೂಡಿಟ್ಟ ದುಡ್ಡು ಇಂಥ ಮಾತಿನ ಮೇಲೇ ಎಲ್ಲೋ ಹೋಗಿ ಕೂರುತ್ತದೆ. ಹಾಗಾಗಿ ಈ ನಂಬಿಕೆ ಎಷ್ಟು ನಿಜ ಎಂದು ನೋಡುವುದು ಒಳ್ಳೆಯದು.

ಚುಟುಕಾಗಿ ಹೇಳುವುದಾದರೆ, ದೊಡ್ಡ ಹೆಸರುಗಳು ಮತ್ತು ಸರ್ವಾನುಮತ, ಇವೆರಡೂ ಸುರಕ್ಷತೆಯ ಗ್ಯಾರಂಟಿ ಅಲ್ಲ. ಎಲ್ಲರೂ ಒಪ್ಪಿದ್ದಾರೆ ಎಂದು ಕಾಗದದಲ್ಲಿ ಇರುವುದಕ್ಕೂ ಎಲ್ಲರ ಮನಸ್ಸಿನಲ್ಲೂ ಒಪ್ಪಿಗೆ ಇರುವುದಕ್ಕೂ ಎಷ್ಟೋ ಅಂತರ ಇರಬಹುದು.

ಕಂಪನಿಯ ಆಡಳಿತ ಮಂಡಳಿ ಅಂದರೆ ನಿರ್ದೇಶಕರ ಗುಂಪು. ದಿನನಿತ್ಯದ ಕೆಲಸ ಅವರದಲ್ಲ. ದೊಡ್ಡ ಖರೀದಿ, ದೊಡ್ಡ ಸಾಲ, ಮುಖ್ಯಸ್ಥರ ನೇಮಕದಂಥ ವಿಷಯಗಳನ್ನು ತೀರ್ಮಾನಿಸುವುದು, ಕಂಪನಿ ನಡೆಸುವವರ ಮೇಲೆ ಕಣ್ಣಿಡುವುದು ಅವರ ಕೆಲಸ. 2013ರ ಕಂಪನಿ ಕಾಯ್ದೆಯ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಯ ಮಂಡಳಿಯಲ್ಲಿ ಕನಿಷ್ಠ ಮೂರನೇ ಒಂದು ಭಾಗ ಸ್ವತಂತ್ರ ನಿರ್ದೇಶಕರು ಇರಬೇಕು. ಮಾಲೀಕರಿಗೆ ಹೆದರದೆ ಮಾತಾಡಲಿ ಎಂಬುದು ಕಾನೂನಿನ ಆಸೆ.

ಆದರೆ ಕಾನೂನು ಕುರ್ಚಿ ಕೊಡಬಹುದು, ಬಾಯಿ ಕೊಡಲಾರದು.

ಸತ್ಯಂ ಸಭೆಯಲ್ಲಿ ಆಗಿದ್ದೇನು?

ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಹಗರಣ ಎಲ್ಲರಿಗೂ ಗೊತ್ತು. ಆದರೆ ಹಗರಣ ಹೊರಬರುವ ಮೂರು ವಾರ ಮೊದಲು ನಡೆದ ಒಂದು ಸಭೆಯ ಬಗ್ಗೆ ಹೆಚ್ಚು ಜನ ಮಾತಾಡುವುದಿಲ್ಲ.

2008ರ ಡಿಸೆಂಬರ್ 16ರಂದು ಸತ್ಯಂ ಮಂಡಳಿ ಮುಂದೆ ಒಂದು ಪ್ರಸ್ತಾವ ಬಂತು. ಮೇಟಾಸ್ ಪ್ರಾಪರ್ಟೀಸ್ ಮತ್ತು ಮೇಟಾಸ್ ಇನ್‌ಫ್ರಾ ಎಂಬ ಎರಡು ಕಂಪನಿಗಳ ಖರೀದಿಗೆ ಒಟ್ಟು 160 ಕೋಟಿ ಡಾಲರ್. ಸತ್ಯಂ ಸಾಫ್ಟ್‌ವೇರ್ ಕಂಪನಿ, ಕೊಳ್ಳಬೇಕಿದ್ದುದು ಭೂಮಿ-ಕಟ್ಟಡದ ಕಂಪನಿಗಳನ್ನು. ಅವು ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬಕ್ಕೇ ಸೇರಿದವು. ಸತ್ಯಂ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ಬರೆದರೆ ಮೇಟಾಸ್! ಗುಟ್ಟೇನೂ ಇರಲಿಲ್ಲ, ಹೆಸರೇ ಹೇಳುತ್ತಿತ್ತು.

ಮಂಡಳಿಯಲ್ಲಿ ಯಾರಿದ್ದರು? ಹಾರ್ವರ್ಡ್ ಬ್ಯುಸಿನೆಸ್ ಸ್ಕೂಲಿನ ಪ್ರೊಫೆಸರ್ ಕೃಷ್ಣ ಪಾಲೆಪು. ಪೆಂಟಿಯಂ ಚಿಪ್‌ನ ಜೊತೆ ಹೆಸರು ಬೆಸೆದುಕೊಂಡ ವಿನೋದ್ ಧಾಮ್. ಇಂಡಿಯನ್ ಸ್ಕೂಲ್ ಆಫ್ ಬ್ಯುಸಿನೆಸ್‌ನ ಡೀನ್ ಎಂ. ರಾಮಮೋಹನ ರಾವ್. ಕೇಂದ್ರ ಸರ್ಕಾರದ ಮಾಜಿ ಸಂಪುಟ ಕಾರ್ಯದರ್ಶಿ ಟಿ.ಆರ್. ಪ್ರಸಾದ್. ಇದಕ್ಕಿಂತ ದೊಡ್ಡ ಹೆಸರು ಎಲ್ಲಿಂದ ತರುವುದು? ಅದೇ ವರ್ಷ ಸತ್ಯಂಗೆ ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬೇರೆ ಬಂದಿತ್ತು.

ಸಭೆಯಲ್ಲಿ ಪ್ರಶ್ನೆಗಳು ಎದ್ದವು. ಕೊನೆಗೆ ನಿರ್ಣಯ ಮಾತ್ರ ಸರ್ವಾನುಮತ. ಸುದ್ದಿ ಹೊರಬಿದ್ದ ಕೂಡಲೇ ಹೂಡಿಕೆದಾರರು ರೊಚ್ಚಿಗೆದ್ದರು. ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಸತ್ಯಂ ಬೆಲೆ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಬೆಳಗಾಗುವಷ್ಟರಲ್ಲಿ ಕಂಪನಿ ಖರೀದಿ ಕೈಬಿಟ್ಟಿತು. 2009ರ ಜನವರಿ 7ರಂದು ರಾಜು ಲೆಕ್ಕಪತ್ರ ಸುಳ್ಳೆಂದು ಪತ್ರ ಬರೆದು ಒಪ್ಪಿಕೊಂಡರು. ಆ ವಂಚನೆಯ ಕಥೆ ಬೇರೆ, ನಮಗೆ ಬೇಕಿರುವುದು ಡಿಸೆಂಬರ್ 16ರ ಸಭೆ ಮಾತ್ರ.

ಯಾಕೆಂದರೆ ಹತ್ತು ದಿನದೊಳಗೆ ಸ್ವತಂತ್ರ ನಿರ್ದೇಶಕಿ ಮಂಗಳಂ ಶ್ರೀನಿವಾಸನ್ ರಾಜೀನಾಮೆ ಕೊಟ್ಟರು. ಸಭೆಯಲ್ಲಿ ತಮಗೆ ಆಕ್ಷೇಪಗಳಿದ್ದವು, ಅವನ್ನು ಹೇಳಿಯೂ ಇದ್ದೆ, ಆದರೆ ವಿರುದ್ಧ ಮತ ಹಾಕಲಿಲ್ಲ, ಅದಕ್ಕೆ ನೈತಿಕ ಹೊಣೆ ತಮ್ಮದು ಎಂಬುದು ಅವರ ಪತ್ರದ ಸಾರ. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸುವ ಸಂಗತಿ ಇದೇ. ಅನುಮಾನ ಇತ್ತು, ಮಾತೂ ಬಂತು, ಕೈ ಮಾತ್ರ ಏಳಲಿಲ್ಲ.

ಕೈ ಯಾಕೆ ಏಳುವುದಿಲ್ಲ?

ಹತ್ತರ ಕೂಡ ಹನ್ನೊಂದು ಎನ್ನುತ್ತೇವಲ್ಲ, ಅದನ್ನೇ 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸೊಲೊಮನ್ ಆಷ್ ಪ್ರಯೋಗ ಮಾಡಿ ತೋರಿಸಿದರು. ಮೂರು ಗೆರೆಗಳಲ್ಲಿ ಯಾವುದು ಮಾದರಿ ಗೆರೆಯಷ್ಟೇ ಉದ್ದ ಎಂದು ಹೇಳಬೇಕು, ಅಷ್ಟೇ. ಮಕ್ಕಳೂ ಹೇಳುವಂಥದ್ದು. ಆದರೆ ಗುಂಪಿನಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಷ್ ಅವರ ಕಡೆಯವರು, ಬೇಕೆಂದೇ ಒಟ್ಟಾಗಿ ತಪ್ಪು ಉತ್ತರ ಹೇಳುವವರು. ಅಂಥ ಸುತ್ತುಗಳಲ್ಲಿ ಆ ಒಬ್ಬ ವ್ಯಕ್ತಿಯ ಸುಮಾರು ಮೂರನೇ ಒಂದರಷ್ಟು ಉತ್ತರಗಳು ಗುಂಪಿನ ತಪ್ಪನ್ನೇ ಹಿಂಬಾಲಿಸಿದವು. ಗೆರೆ ಕಣ್ಣೆದುರೇ ಇತ್ತು!

ಈ ಪ್ರಯೋಗದ ಇನ್ನೊಂದು ಭಾಗ ಫಾರ್ವರ್ಡ್‌ಗಳಲ್ಲಿ ಬರುವುದೇ ಇಲ್ಲ. ಗುಂಪಿನಲ್ಲಿ ಸರಿ ಉತ್ತರ ಹೇಳುವ ಜೊತೆಗಾರ ಒಬ್ಬನೇ ಒಬ್ಬ ಸಿಕ್ಕರೂ ಸಾಕು, ಹಾಗೆ ತಪ್ಪಿಗೆ ಬೀಳುವುದು ಕಾಲು ಭಾಗಕ್ಕೆ ಇಳಿಯಿತು. ಮಂಡಳಿಯಲ್ಲಿ ಮೊದಲು ‘ಬೇಡ’ ಅನ್ನುವವರ ಬೆಲೆ ಎಷ್ಟು ಎಂದು ಇದರಿಂದ ಅಂದಾಜು ಮಾಡಬಹುದು.

ಕಂಪನಿ ಮಂಡಳಿಗಳ ಮೇಲೆಯೇ ನಡೆದ ಅಧ್ಯಯನವೂ ಇದೆ. 2005ರಲ್ಲಿ ಜೇಮ್ಸ್ ವೆಸ್ಟ್‌ಫಾಲ್ ಮತ್ತು ಮೈಕೆಲ್ ಬೆಡ್ನಾರ್ ಅಮೆರಿಕದ ಕಂಪನಿಗಳ ಹೊರಗಿನ ನಿರ್ದೇಶಕರನ್ನು ಪರಿಶೀಲಿಸಿದರು. ಕಂಪನಿ ಹಿಡಿದ ದಾರಿಯ ಬಗ್ಗೆ ಚಿಂತೆ ಇದ್ದವರು, ಆ ಚಿಂತೆ ತಮ್ಮೊಬ್ಬರದೇ ಎಂದುಕೊಂಡು ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಪಕ್ಕದ ಕುರ್ಚಿಯವರಿಗೂ ಅದೇ ಚಿಂತೆ ಇರಬಹುದು ಎಂಬ ಅಂದಾಜು ಅವರಿಗಿರುತ್ತಿರಲಿಲ್ಲ. ಮೌನವನ್ನು ಸಮ್ಮತಿ ಎಂದು ಎಲ್ಲರೂ ಓದಿಕೊಳ್ಳುವಾಗ, ತಾವೂ ಮೌನವಾಗಿದ್ದೇವೆ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಮುಳುಗುವುದಕ್ಕೇ ಮತ್ತಷ್ಟು ಸುರಿಯುವುದು

ಇನ್ನೊಂದು ಮನೋದೌರ್ಬಲ್ಯ ಬೋರ್‌ವೆಲ್ ಕೊರೆಸಿದ ಪ್ರತಿ ರೈತನಿಗೂ ಗೊತ್ತು. ಐನೂರು ಅಡಿಗೆ ನೀರಿಲ್ಲ, “ಇಷ್ಟು ಹಾಕಿದ್ದೇವೆ, ಇನ್ನೊಂದು ಐವತ್ತು ಅಡಿ ನೋಡೋಣ.” ಹೋದ ದುಡ್ಡು ಮುಂದಿನ ನಿರ್ಧಾರವನ್ನು ಎಳೆಯುತ್ತದೆ. 1976ರಲ್ಲಿ ಬ್ಯಾರಿ ಸ್ಟಾ ಎಂಬ ಸಂಶೋಧಕ ಬ್ಯುಸಿನೆಸ್ ವಿದ್ಯಾರ್ಥಿಗಳಲ್ಲಿ ಇದನ್ನೇ ಕಂಡರು. ಮೊದಲು ತಾವೇ ಆರಿಸಿದ ವಿಭಾಗ ನಷ್ಟದಲ್ಲಿದ್ದರೆ ಅದಕ್ಕೇ ಹೆಚ್ಚು ಹಣ ಸುರಿದರು.

ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಶುರು ಮಾಡಿತು. ನಷ್ಟದಲ್ಲಿದ್ದಾಗಲೇ 2007ರಲ್ಲಿ ಏರ್ ಡೆಕ್ಕನ್‌ನಲ್ಲಿ ಪಾಲು ಕೊಂಡಿತು. 2010ರಲ್ಲಿ ಸಾಲ ಕೊಟ್ಟ ಬ್ಯಾಂಕುಗಳು ಸಾಲವನ್ನು ಮರುಹೊಂದಿಸಿ, ಅದರ ಒಂದು ಭಾಗವನ್ನು ಆಗಿನ ಮಾರುಕಟ್ಟೆ ದರಕ್ಕಿಂತ ಹೆಚ್ಚಿನ ಬೆಲೆಗೆ ಷೇರಾಗಿ ಪರಿವರ್ತಿಸಿಕೊಂಡವು. 2012ರ ಅಕ್ಟೋಬರಿನಲ್ಲಿ ಲೈಸೆನ್ಸ್ ಅಮಾನತಾಗಿ ವಿಮಾನಗಳು ನಿಂತವು. ಸಾಲ ಕೊಟ್ಟವರಲ್ಲಿ ನಮ್ಮವೇ ಆದ ಕಾರ್ಪೊರೇಷನ್ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಕೂಡ ಇದ್ದವು. ಆ ಪ್ರಕರಣದಲ್ಲಿ ಬೇರೆ ಆರೋಪಗಳೂ ಇವೆ, ಅವು ಕೋರ್ಟಿನ ವಿಷಯ. ಆದರೆ ಇಷ್ಟು ಕೊಟ್ಟ ಮೇಲೆ ಈಗ ಕೈಬಿಟ್ಟರೆ ಹೇಗೆ ಎಂಬ ಲೆಕ್ಕಾಚಾರದ ಎಳೆತ ಎಂಥದ್ದೆಂದು ಊಹಿಸಲು ಕೋರ್ಟ್ ಬೇಕಿಲ್ಲ.

ನಮ್ಮೂರ ಸೊಸೈಟಿಯಲ್ಲಿ

ನಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬ ಸದಸ್ಯನಿಗೆ ಒಂದು ಮತ ಎಂಬುದು ಸಹಕಾರದ ಜೀವಾಳ. ಆದರೆ ಊರಿನ ಮಂಡಳಿಯಲ್ಲಿ ಬೆಂಗಳೂರು-ಹೈದರಾಬಾದಿಗಿಂತ ಒತ್ತಡ ಒಂದು ಕೈ ಹೆಚ್ಚೇ. ಅಲ್ಲಿ ನಿರ್ದೇಶಕರು ಸಭೆ ಮುಗಿದ ಮೇಲೆ ಬೇರೆ ಬೇರೆ ವಿಮಾನ ಹತ್ತುತ್ತಾರೆ. ಇಲ್ಲಿ ಅದೇ ಓಣಿ, ಅದೇ ಜಾತ್ರೆ, ಅದೇ ಬೀಗತನ. ಇವತ್ತು ಅಧ್ಯಕ್ಷರ ಸಂಬಂಧಿಯ ಸಾಲಕ್ಕೆ ಅಡ್ಡ ಮಾತಾಡಿದರೆ ನಾಳೆ ನನ್ನ ತಮ್ಮನ ಅರ್ಜಿ ಬಂದಾಗ ಗತಿ ಏನು? ಯಾರೂ ಬೆದರಿಸಬೇಕಿಲ್ಲ, ಈ ಲೆಕ್ಕ ತಾನಾಗಿಯೇ ತಲೆಯಲ್ಲಿ ಓಡುತ್ತದೆ.

ಹಾಗಂತ ಸರ್ವಾನುಮತ ಎಲ್ಲ ಕಡೆ ಅನುಮಾನಾಸ್ಪದ ಎಂದಲ್ಲ. ದಿನನಿತ್ಯದ ಬಹುಪಾಲು ವಿಷಯಗಳಲ್ಲಿ ಎಲ್ಲರೂ ಒಪ್ಪುವುದು ಸಹಜ. ಅನುಮಾನ ಬರಬೇಕಾದದ್ದು ದೊಡ್ಡ ಮೊತ್ತ, ಒಳಗಿನವರ ಲಾಭ, ಅವಸರ ಮೂರೂ ಕೂಡಿದಾಗ.

ಷೇರು ಕೊಳ್ಳುವವರು ಕಂಪನಿಯ ವಾರ್ಷಿಕ ವರದಿಯಲ್ಲಿ ಯಾವ ನಿರ್ದೇಶಕರು ಎಷ್ಟು ಸಭೆಗೆ ಬಂದಿದ್ದಾರೆ, ಮಾಲೀಕರ ಬೇರೆ ಕಂಪನಿಗಳ ಜೊತೆ ಎಷ್ಟು ವಹಿವಾಟು ನಡೆದಿದೆ ಎಂದು ನೋಡಬಹುದು, ಎರಡೂ ಅದರಲ್ಲಿ ಇರುತ್ತವೆ. ಸೊಸೈಟಿಯ ಸದಸ್ಯರು ವಾರ್ಷಿಕ ಸರ್ವಸದಸ್ಯರ ಸಭೆಗೆ ಹೋಗಿ, ಊಟದ ಕೂಪನ್ ಪಡೆಯುವ ಮೊದಲು, ಆಡಿಟ್‌ನಲ್ಲಿ ಯಾವ ವರ್ಗ ಬಂದಿದೆ, ವಸೂಲಾಗದ ಸಾಲ ಎಷ್ಟು, ಅದರಲ್ಲಿ ನಿರ್ದೇಶಕರ ಸಂಬಂಧಿಕರದು ಎಷ್ಟು ಎಂದು ಕೇಳಬಹುದು. ಒಬ್ಬರೇ ಎದ್ದು ನಿಲ್ಲುವುದು ಕಷ್ಟ, ಆಷ್ ತೋರಿಸಿದ್ದೂ ಅದನ್ನೇ. ಮೊದಲೇ ಮಾತಾಡಿಕೊಂಡು ಇಬ್ಬರು ಹೋಗಿ. ನೀವೇ ನಿರ್ದೇಶಕರಾಗಿದ್ದರೆ, ಒಪ್ಪಿಗೆ ಇಲ್ಲದ ನಿರ್ಣಯಕ್ಕೆ ನಿಮ್ಮ ವಿರೋಧವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿ, ಆಮೇಲೆ ಸಹಿ ಹಾಕಿ.

ಠೇವಣಿ ಇಡುವವರಿಗೆ ಇನ್ನೊಂದು ವಿಷಯ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಗ್ರಾಹಕರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಅದರ ಮರುತಿಂಗಳು, ಅಂದರೆ 2020ರ ಫೆಬ್ರವರಿಯಲ್ಲಿ, ಬ್ಯಾಂಕ್ ಠೇವಣಿಗಳ ವಿಮೆಯನ್ನು 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಈ ವಿಮೆ ಸಹಕಾರಿ ಬ್ಯಾಂಕುಗಳಿಗೂ ಇದೆ. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ, ಬ್ಯಾಂಕ್ ಲೈಸೆನ್ಸ್ ಇಲ್ಲದ ಸೌಹಾರ್ದ ಮತ್ತು ಪತ್ತಿನ ಸಹಕಾರಿಗಳಿಗೆ ಇಲ್ಲ. ಮುಂದಿನ ಸಲ ಠೇವಣಿಯ ಮೆಸೇಜ್ ಬಂದರೆ, ಬೋರ್ಡ್‌ನಲ್ಲಿ ಯಾರಿದ್ದಾರೆ ಎಂದು ಕೇಳುವ ಮೊದಲು ಈ ವಿಮೆ ಇದೆಯೇ ಎಂದು ಕೇಳಿ.