ತೋಟದಲ್ಲಿ ಹುಳುವಿಗೂ ಒಂದು ಪಾಲು

ಶಾಲೆಯ ತೋಟವೆಂದರೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಸುಣ್ಣ ಬಳಿದ ಇಟ್ಟಿಗೆಗಳ ಸಾಲು, ಅದರೊಳಗೆ ಕ್ರೋಟನ್ ಗಿಡಗಳು, ಗುಡಿಸಿ ನೀರು ಚಿಮುಕಿಸಿದ ನೆಲ, ಎಲ್ಲಿಯೂ ಒಂದು ಒಣ ಎಲೆಯಿಲ್ಲ. ನಾವು ವಿದ್ಯಾರ್ಥಿಗಳಾಗಿದ್ದಾಗ ಕಲಿತದ್ದು ಇದನ್ನೇ; ಉಪಾಧ್ಯಾಯರಾದ ಮೇಲೆ ಕಲಿಸುತ್ತ ಬಂದದ್ದೂ ಇದನ್ನೇ. ತೋಟ ಶುಚಿಯಾಗಿರಬೇಕು, ನಿಜ. ಆದರೆ ಅಲ್ಲಿ ಯಾವುದಾದರೂ ಜೀವ ಬದುಕುತ್ತಿದೆಯೇ ಎಂದು ನಾವು ಬಹಳ ಕಾಲ ಕೇಳಿಕೊಳ್ಳಲೇ ಇಲ್ಲ. ಆ ಪ್ರಶ್ನೆಯನ್ನು ನಮ್ಮ ಮುಂದಿಟ್ಟವಳು ಎಂಟನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ.

ವಾರ್ಷಿಕೋತ್ಸವ ಹತ್ತಿರವಾಗಿತ್ತು. ಬೇಲಿಯ ಬದಿಗೆ ತಾನಾಗಿ ಬೆಳೆದಿದ್ದ ಎಕ್ಕ ಮತ್ತು ತಂಗಡಿ ಗಿಡಗಳನ್ನು ಕಿತ್ತುಹಾಕಲು ಮಕ್ಕಳಿಗೆ ಹೇಳಿದೆವು. ಆ ಹುಡುಗಿ ಒಂದು ಎಕ್ಕದ ಟೊಂಗೆ ಹಿಡಿದುಕೊಂಡು ಬಂದಳು. “ಸಾರ್, ಇದರಾಗ ಪಟ್ಟೆಪಟ್ಟೆ ಹುಳ ಅದಾವು. ಇವನ್ನ ಎಲ್ಲಿ ಬಿಡನ?” ಎಂದಳು. “ಹುಳಕ್ಕೆ ಮನೆ ಹುಡುಕುವುದು ನಿನ್ನ ಕೆಲಸವೇನು? ಬೆಂಕಿಗೆ ಹಾಕು” ಎಂದೆವು. ಉಳಿದ ಮಕ್ಕಳು ನಕ್ಕರು. ಅವಳು ತಲೆ ತಗ್ಗಿಸಿ ಹೋದಳು.

ಅದೇ ವಾರ ‘ದಯೆ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಸಿದೆವು. ಅವಳು ಬರೆದದ್ದು ನಾಲ್ಕೇ ಸಾಲು. ಕೊನೆಯ ಸಾಲು ಹೀಗಿತ್ತು: ‘ದಯೆ ದೊಡ್ಡ ಪ್ರಾಣಿಗಳಿಗೆ ಮಾತ್ರವೋ ಹುಳಗಳಿಗೂ ಉಂಟೋ ನನಗೆ ತಿಳಿಯದು.’ ನಾವು ಕಾಗುಣಿತ ತಿದ್ದಿ ಅಂಕ ಹಾಕಿದೆವು. ಷರಾ ಬರೆಯಲು ಕೈ ಬರಲಿಲ್ಲ. ಬರೆಯಬೇಕಾಗಿದ್ದ ಆ ಷರಾವನ್ನು ಈಗ ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ.

ಆ ಪಟ್ಟೆಪಟ್ಟೆ ಹುಳು ಯಾವುದು? ಕಪ್ಪು, ಬಿಳಿ, ಹಳದಿ ಪಟ್ಟೆಗಳಿದ್ದು, ಮೈಮೇಲೆ ಕಪ್ಪು ಎಳೆಗಳಿರುವ ಅದು ಒಂದು ಚಿಟ್ಟೆಯ ಮರಿ. ಕಿತ್ತಳೆ ಬಣ್ಣದ ರೆಕ್ಕೆ, ಕಪ್ಪು ಅಂಚು, ತುದಿಯಲ್ಲಿ ಬಿಳಿ ಚುಕ್ಕೆ ಇರುವ ಚಿಟ್ಟೆಯನ್ನು ನೀವೆಲ್ಲ ನೋಡಿದ್ದೀರಿ. ತಾಯಿಚಿಟ್ಟೆ ಎಕ್ಕದ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಮರಿ ಆ ಎಲೆಯನ್ನೇ ತಿಂದು ಬೆಳೆಯುತ್ತದೆ. ಎಕ್ಕದ ಹಾಲಿನಲ್ಲಿ ವಿಷವಿದೆ. ಅದು ಮರಿಗೆ ತಗಲುವುದಿಲ್ಲ, ಬದಲಿಗೆ ಮೈಯಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದು ಕಡಿಮೆ. ಕೆಲವು ದಿನಗಳಲ್ಲಿ ಕೋಶ ಕಟ್ಟಿ, ಮೊಟ್ಟೆಯಿಂದ ಲೆಕ್ಕ ಹಾಕಿದರೆ ಸುಮಾರು ಒಂದು ತಿಂಗಳಲ್ಲಿ, ಚಿಟ್ಟೆಯಾಗಿ ಹೊರಬರುತ್ತದೆ. ಹೀಗೆ ಚಿಟ್ಟೆಗೆ ಎರಡು ಬಗೆಯ ಗಿಡ ಬೇಕು. ಜೇನು ಹೀರಲು ಹೂವಿನ ಗಿಡ ಒಂದು. ಮರಿಯನ್ನು ಸಾಕಲು ಎಲೆಯ ಗಿಡ ಇನ್ನೊಂದು. ನಾವು ಹೂವಿನ ಗಿಡ ನೆಟ್ಟು ಎಲೆಯ ಗಿಡ ಕೀಳುತ್ತೇವೆ; ಆಮೇಲೆ ಚಿಟ್ಟೆ ಬರಲಿಲ್ಲವೆಂದು ಆಶ್ಚರ್ಯಪಡುತ್ತೇವೆ.

ಎಕ್ಕದಂತೆಯೇ ತಂಗಡಿಯೂ. ಅದರ ಎಲೆಯಲ್ಲಿ ಬೆಳೆಯುವುದು ತಿಳಿಹಸಿರು ಛಾಯೆಯ ಬಿಳಿ ಚಿಟ್ಟೆಗಳು. ಕರಿಬೇವು, ನಿಂಬೆ, ಬಿಲ್ವಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಸಣ್ಣ ಹುಳು ಕಂಡರೆ ಅದೂ ಒಂದು ದೊಡ್ಡ, ಚೆಂದದ ಚಿಟ್ಟೆಯ ಮರಿಯೇ. ಶತ್ರುವಿನ ಕಣ್ಣು ತಪ್ಪಿಸಲು ಆ ವೇಷ. ಬೆಳೆದ ಮೇಲೆ ಹಸಿರು ಬಣ್ಣ ತಾಳುತ್ತದೆ.

ಇಲ್ಲಿ ಪೋಷಕರು ಒಂದು ಮಾತು ಕೇಳಬಹುದು: “ಕಡಲೆಕಾಯಿ ಹೊಲದಲ್ಲಿ ಹುಳು ಬಿದ್ದರೆ ವರ್ಷದ ಅನ್ನವೇ ಹೋಗುತ್ತದೆ. ನೀವು ಮಕ್ಕಳಿಗೆ ಹುಳು ಸಾಕಲು ಹೇಳುತ್ತೀರಾ?” ಕೇಳುವುದು ನ್ಯಾಯವೇ. ಅನಂತಪುರ ಸೀಮೆಯ ರೈತನಿಗೆ ಕೆಂಪು ಕಂಬಳಿಹುಳುವಿನ ಕಾಟ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಎಲ್ಲ ಹುಳುವೂ ಎಲ್ಲ ಗಿಡವನ್ನೂ ತಿನ್ನುವುದಿಲ್ಲ. ಎಕ್ಕದ ಹುಳು ಹಸಿದು ಸತ್ತರೂ ಕಡಲೆಕಾಯಿ ಗಿಡವನ್ನು ಮುಟ್ಟದು. ಹೊಲದ ಹುಳುವನ್ನು ಹಿಡಿಯುವ ಕಾಜಾಣ, ಗೊರವಂಕಗಳು ನಿಲ್ಲಲು ಬದುವಿನ ಮರ ಬೇಕು. ಇಲಿ ಹಿಡಿಯುವ ಗೂಬೆಗೆ ಹಳೆಯ ಮರದ ಪೊಟರೆ ಬೇಕು. ಬೇಲಿಯನ್ನೂ ಬದುವನ್ನೂ ಬೋಳು ಮಾಡಿದರೆ ಕೂಲಿಯಿಲ್ಲದೆ ದುಡಿಯುವ ಈ ಆಳುಗಳನ್ನು ನಾವೇ ಓಡಿಸಿದಂತೆ.

ನಮ್ಮದು ಮಳೆ ಕಡಿಮೆಯ ನಾಡು. ವರ್ಷಕ್ಕೆ ಸುಮಾರು 500ರಿಂದ 550 ಮಿಲಿಮೀಟರ್ ಬಿದ್ದರೆ ನಮಗೆ ಅದೇ ಸರಾಸರಿ ಮಳೆ. ವೇದಾವತಿ ನದಿಗೆ ಮೇಲೆ ಹಿರಿಯೂರಿನ ಬಳಿ ಮಾರಿಕಣಿವೆಯ ವಾಣಿವಿಲಾಸ ಸಾಗರವಿದೆ. ಕೆಳಗೆ ನಮ್ಮ ಭೈರವಾನಿತಿಪ್ಪದ ಅಣೆಕಟ್ಟು. ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಇಂಥ ಸೀಮೆಯಲ್ಲಿ ಹೊಳೆಯನ್ನು ನಂಬಿ ತೋಟ ಮಾಡಲಾಗದು. ಕ್ರೋಟನ್ನಿಗೆ ದಿನಕ್ಕೊಂದು ಬಿಂದಿಗೆ ಹೊಯ್ಯುವ ಬದಲು, ಒಮ್ಮೆ ಬೇರು ಹಿಡಿದರೆ ನೀರು ಕೇಳದ ಬೇವು, ಹೊಂಗೆ, ಅತ್ತಿ, ಬನ್ನಿ, ತಂಗಡಿಗಳನ್ನು ಬೆಳೆಸುವುದೇ ಜಾಣತನ.

ನಮ್ಮ ಹಿರಿಯರು ಇವುಗಳಲ್ಲಿ ಅನೇಕವನ್ನು ದೇವರ ಮರಗಳೆಂದರು. ಅರಳಿ, ಆಲ, ಅತ್ತಿ ಮೂರೂ ಒಂದೇ ಕುಟುಂಬದವು. ಇವುಗಳ ಹೂವು ಕಾಯಿಯೊಳಗೇ ಅಡಗಿರುತ್ತದೆ. ಒಂದೊಂದು ಜಾತಿಗೂ ಅದರದೇ ಆದ ಕಣಜದಂಥ ಸಣ್ಣ ಕೀಟವುಂಟು. ಅದು ಒಳಹೊಕ್ಕು ಪರಾಗ ಮುಟ್ಟಿಸಿದರೆ ಮಾತ್ರ ಬೀಜ ಕಟ್ಟುತ್ತದೆ. ಎಲ್ಲ ಮರಗಳೂ ಒಂದೇ ಕಾಲಕ್ಕೆ ಹಣ್ಣಾಗುವುದಿಲ್ಲವಾದ್ದರಿಂದ, ಬೇರೆ ಹಣ್ಣು ಸಿಗದ ದಿನಗಳಲ್ಲಿ ಪಿಕಳಾರ, ಕೋಗಿಲೆ, ಕುಟ್ರುಹಕ್ಕಿ, ಬಾವಲಿಗಳಿಗೆ ಇವೇ ಅನ್ನಛತ್ರ. ಮರ ಕಡಿದರೆ ದೋಷವೆಂದ ಮಾತಿನಲ್ಲಿ ಇಷ್ಟೊಂದು ಜೀವಗಳ ಬದುಕು ಉಳಿಯಿತು.

ಆದರೆ ಭಕ್ತಿಯೂ ನಮ್ಮ ಶಾಲೆಯ ತೋಟದಂತೆ ಇಟ್ಟಿಗೆಯ ಸಾಲಾಗಿಬಿಡಬಹುದು. ಈಚೆಗೆ ನಮ್ಮ ಊರ ಗುಡಿಯ ಅರಳಿಕಟ್ಟೆಗೆ ಬುಡದವರೆಗೂ ಸಿಮೆಂಟು ಹಾಕಿಸಿ, ಪೊಟರೆಯಿದ್ದ ಒಣ ಕೊಂಬೆಯನ್ನು ಕಡಿಸುವ ಮಾತು ಬಂತು. ಪೊಟರೆಯಲ್ಲಿ ಹಾಲಕ್ಕಿಗಳಿದ್ದವು. ನಾವು ಬೇಡವೆಂದಾಗ ಹಿರಿಯರೊಬ್ಬರು, “ಮೇಷ್ಟ್ರೇ, ದೇವರ ಮುಂದೆ ಹಕ್ಕಿ ಹಿಕ್ಕೆ ಬೀಳೋದು ಚೆಂದೇನು?” ಎಂದರು. “ಯಜಮಾನ್ರೇ, ಬಾವಿಯ ಗೋಡೆಯ ಅತ್ತಿಗಿಡವನ್ನು ನೆಟ್ಟವರು ಯಾರು?” ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಕ್ಕಿನೇ ಬಿಡ್ರಿ” ಎಂದು ನಕ್ಕರು. ಕೊನೆಗೆ ಬುಡದಿಂದ ನಾಲ್ಕು ಮೊಳ ಮಣ್ಣು ಬಿಟ್ಟು ಸಿಮೆಂಟು ಹಾಕಿದರು. ಬೇರಿಗೆ ಮಳೆನೀರು ಇಳಿಯುತ್ತದೆ. ಕೊಂಬೆ ಮಾತ್ರ ಉಳಿಯಲಿಲ್ಲ. ಜಾತ್ರೆಯ ದಿನ ಜನರ ಮೇಲೆ ಮುರಿದು ಬಿದ್ದರೆ ಎಂಬ ಅವರ ಭಯವನ್ನು ಸುಳ್ಳೆನ್ನುವಂತಿರಲಿಲ್ಲ. ಆದರೂ ಸಂಜೆ ಅಲ್ಲಿ ಹಾಲಕ್ಕಿಯ ದನಿ ಕೇಳದಿರುವುದು ಇಂದಿಗೂ ನಮ್ಮ ಮನಸ್ಸನ್ನು ಚುಚ್ಚುತ್ತದೆ.

ನಂಬಿಕೆ ಕಣ್ಣು ತೆರೆದರೆ ಏನಾಗಬಲ್ಲದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಹಿಂದೂಪುರದ ಕಡೆ ಚಿಲಮತ್ತೂರು ಮಂಡಲದ ವೀರಾಪುರಕ್ಕೆ ಪ್ರತಿ ವರ್ಷ ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಹುಣಸೆ ಮೊದಲಾದ ಮರಗಳಲ್ಲಿ ಗೂಡು ಕಟ್ಟುತ್ತವೆ. ಅವು ಬಂದರೆ ಊರಿಗೆ ಒಳ್ಳೆಯದೆಂದು ಅಲ್ಲಿಯವರ ನಂಬಿಕೆ, ಯಾರೂ ಕಲ್ಲೆಸೆಯುವುದಿಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಹಿಕ್ಕೆ ಅಲ್ಲಿ ಹೊಲಸಲ್ಲ, ಹೊಲಕ್ಕೆ ಗೊಬ್ಬರ. ರಾಜಸ್ಥಾನದ ಖೇಜಡ್ಲಿಯಲ್ಲಿ 1730ರಲ್ಲಿ ಬಿಷ್ಣೋಯಿ ಜನರು ಅಮೃತಾದೇವಿಯ ಹಿಂದೆ ನಿಂತು, ಮರಗಳನ್ನು ಅಪ್ಪಿಕೊಂಡು ಪ್ರಾಣ ಕೊಟ್ಟರು. ಸತ್ತವರು 363 ಜನರೆಂದು ಅಲ್ಲಿಯವರು ಇಂದಿಗೂ ಸ್ಮರಿಸುತ್ತಾರೆ. ಅವರು ಉಳಿಸಿದ ಖೇಜಡಿ ಮರ ಬೇರೆಯಲ್ಲ. ವಿಜಯದಶಮಿಯಂದು ನಾವು ಎಲೆ ಹಂಚಿಕೊಳ್ಳುವ ಶಮಿ, ಅಂದರೆ ಬನ್ನಿ. ನಾವು ಹಬ್ಬದ ದಿನ ಅದರ ಟೊಂಗೆಗಳನ್ನೇ ಮುರಿದು ಬೋಳು ಮಾಡಿದರೆ ಆ ಪೂಜೆಗೆ ಏನರ್ಥ?

ಇದು ಒಂದು ಮತದ ಮಾತೂ ಅಲ್ಲ. ಉಣ್ಣುವ ಮೊದಲು ಪ್ರಾಣಿಗಳಿಗೆ ಒಂದು ತುತ್ತು ತೆಗೆದಿಡುವುದನ್ನು ನಮ್ಮ ಶಾಸ್ತ್ರಗಳು ಭೂತಯಜ್ಞವೆಂದವು. ನೆಟ್ಟ ಗಿಡದ ಫಲವನ್ನು ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ನೆಟ್ಟವನ ದಾನವಾಗುತ್ತದೆ ಎಂಬುದು ಪ್ರವಾದಿ ಮುಹಮ್ಮದರ ಬೋಧನೆಗಳಲ್ಲಿ ಒಂದು. ಜೈನರಿಗೆ ಜೀವದಯೆಯೇ ಧರ್ಮದ ಮೂಲ. ಗುಡಿಯಾಗಲಿ, ದರ್ಗಾ ಆಗಲಿ, ಚರ್ಚಾಗಲಿ, ಅದರ ಅಂಗಳದ ಮರದಲ್ಲಿ ಗೂಡೊಂದು ಉಳಿದಿದೆಯೇ ಎಂದು ನೋಡಿದರೆ ಅಲ್ಲಿಯ ಭಕ್ತಿಯ ಅಳತೆ ಸಿಗುತ್ತದೆ.

ವಿದ್ಯಾರ್ಥಿಗಳೇ, ಮಾಡಬೇಕಾದದ್ದು ಹೆಚ್ಚೇನಿಲ್ಲ. ಮನೆಯ ಹಿತ್ತಲಿನಲ್ಲಿ ಒಂದು ಮೂಲೆಯನ್ನು ಗುಡಿಸದೆ ಬಿಡಿ. ಅಲ್ಲಿ ಎಕ್ಕವೋ ತಂಗಡಿಯೋ ತಾನಾಗಿ ಬಂದರೆ ಇರಲಿ. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಎಚ್ಚರವಿರಲಿ. ಉದುರಿದ ಎಲೆಗೆ ಬೆಂಕಿ ಹಚ್ಚಬೇಡಿ, ಗಿಡದ ಬುಡಕ್ಕೆ ಹಾಕಿ, ತೇವ ಉಳಿಯುತ್ತದೆ. ಕರಿಬೇವಿನಲ್ಲಿ ಹುಳು ಕಂಡರೆ ಔಷಧಿ ಹೊಡೆಯಬೇಡಿ. ಅದರ ಪಾಲು ನಾಲ್ಕು ಕಡ್ಡಿ, ನಮ್ಮ ಒಗ್ಗರಣೆಗೆ ಉಳಿದದ್ದು ಸಾಕು. ಬೇಸಿಗೆಯಲ್ಲಿ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳಷ್ಟು ನೀರಿಟ್ಟು, ಸಣ್ಣ ಹಕ್ಕಿಗಳೂ ಜೇನುನೊಣಗಳೂ ಕೂರಲು ನಡುವೆ ಕಲ್ಲಿಡಿ. ಸೊಳ್ಳೆ ಆಗದಂತೆ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ತಟ್ಟೆ ಉಜ್ಜಿ.

ಕಿತ್ತ ಎಕ್ಕ ಬೇರಿನಿಂದ ಮತ್ತೆ ಚಿಗುರಿದೆ. ಈ ಸಲ ಅದನ್ನು ಯಾರೂ ಮುಟ್ಟಬಾರದೆಂದು ಹೇಳಿದ್ದೇವೆ. ಆ ವಿದ್ಯಾರ್ಥಿನಿ ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಅವಳ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೆ: ಮಗೂ, ದಯೆ ಹುಳುವಿಗೂ ಉಂಟು. ಅಂದು ತಪ್ಪಿದವರು ನಾವು.