ತಾನಾಗಿ ಆಫ್ ಆಗುವ ರಿಸೀವರ್

ಸಿನಿಮಾದ ಹೊಡೆದಾಟ ಜೋರಾಗುವ ಹೊತ್ತಿಗೆ ಹೋಂ ಥಿಯೇಟರ್ ರಿಸೀವರ್‌ನ ಒಳಗಿನಿಂದ ‘ಟಕ್’ ಎಂಬ ಸದ್ದು. ಸ್ಪೀಕರ್‌ಗಳೆಲ್ಲ ಒಮ್ಮೆಲೇ ಸುಮ್ಮನಾಗುತ್ತವೆ. ಮತ್ತೆ ಆನ್ ಮಾಡಿದರೆ ಸ್ವಲ್ಪ ಹೊತ್ತು ಹಾಡಿ ಮತ್ತೆ ಆಫ್. ರಿಸೀವರ್ ಕೆಟ್ಟಿತು ಎಂದು ಮನೆಯವರು ತೀರ್ಮಾನಿಸುತ್ತಾರೆ. ಬಹಳಷ್ಟು ಸಲ ಅದು ಕೆಟ್ಟಿರುವುದಿಲ್ಲ, ಕೆಡದಂತೆ ತನ್ನನ್ನು ತಾನು ಉಳಿಸಿಕೊಳ್ಳುತ್ತಿರುತ್ತದೆ.

ಆ ಸದ್ದು ರಿಲೇಯದ್ದು. ಆಂಪ್ಲಿಫೈಯರ್‌ಗೂ ಸ್ಪೀಕರ್‌ಗೂ ನಡುವೆ ಕೂತ ವಿದ್ಯುತ್ ಸ್ವಿಚ್ ಅದು. ಸ್ಪೀಕರ್‌ಗೆ ಶಕ್ತಿ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಿಗೆ ಒಳಗೆ ಹತ್ತಾರು ವೋಲ್ಟ್‌ಗಳ ಡಿ.ಸಿ. ಪೂರೈಕೆ ಇರುತ್ತದೆ. ಒಂದು ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಆ ಡಿ.ಸಿ. ನೇರವಾಗಿ ಸ್ಪೀಕರ್‌ಗೆ ನುಗ್ಗುತ್ತದೆ. ಹಿಂದಕ್ಕೂ ಮುಂದಕ್ಕೂ ಕಂಪಿಸಬೇಕಾದ ಕೋನ್ ಒಂದೇ ಕಡೆ ಸೆಟೆದು ನಿಲ್ಲುತ್ತದೆ, ಕೂದಲೆಳೆಯಂಥ ತಂತಿ ಸುತ್ತಿದ ಅದರ ಕಾಯಿಲ್ ಸುಟ್ಟುಹೋಗುತ್ತದೆ. ಹಾಗಾಗದಂತೆ ರಕ್ಷಣಾ ಸರ್ಕ್ಯೂಟ್ ಡಿ.ಸಿ., ಕರೆಂಟಿನ ಪ್ರಮಾಣ, ಶಾಖ ಎಲ್ಲದರ ಮೇಲೂ ಕಣ್ಣಿಟ್ಟಿರುತ್ತದೆ. ಯಾವುದಾದರೂ ಮಿತಿ ಮೀರಿದರೆ ರಿಲೇಯನ್ನು ಬಿಡಿಸುತ್ತದೆ.

ಹಾಗಾಗಿ ಮೊದಲು ಗಮನಿಸಬೇಕಾದ್ದು ಅದು ಯಾವಾಗ ಆಫ್ ಆಗುತ್ತದೆ ಎಂಬುದನ್ನು. ದನಿ ಏರಿಸಿದಾಗ ಮಾತ್ರ ಆಫ್ ಆಗುತ್ತಿದ್ದರೆ ಅನುಮಾನ ಸ್ಪೀಕರ್ ಕಡೆಗೆ ಹೋಗಬೇಕು. ರಿಸೀವರ್‌ನ ಹಿಂಭಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಕೆಂಪು ಟರ್ಮಿನಲ್‌ಗೆ ಸಿಕ್ಕಿಸಿದ ತಂತಿಯ ಒಂದೇ ಒಂದು ತಾಮ್ರದ ಎಳೆ ಹೊರಗೆ ಉಳಿದು ಪಕ್ಕದ ಕಪ್ಪು ಟರ್ಮಿನಲ್‌ಗೆ ತಾಗುತ್ತಿರಬಹುದು. ಅಷ್ಟು ಸಾಕು, ಅದೇ ಶಾರ್ಟ್. ತಂತಿಯ ತುದಿಯನ್ನು ಬಿಗಿಯಾಗಿ ಹೊಸೆದು ಪೂರ್ತಿ ಒಳಗೆ ಸೇರಿಸಿದರೆ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಎಳೆ ಸರಿಯಿದ್ದರೆ ಓಮ್ ಲೆಕ್ಕ ನೋಡಬೇಕು. 8 ಓಮ್ ಸ್ಪೀಕರ್‌ಗೆ 20 ವೋಲ್ಟ್ ಹೋದಾಗ ಹರಿಯುವುದು 2.5 ಆಂಪಿಯರ್, ಅಂದರೆ 50 ವಾಟ್. ಅದೇ ಟರ್ಮಿನಲ್‌ಗೆ ಇನ್ನೊಂದು 8 ಓಮ್ ಸ್ಪೀಕರನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ತಡೆ 4 ಓಮ್‌ಗೆ ಇಳಿದು, ಕರೆಂಟ್ 5 ಆಂಪಿಯರ್‌ಗೆ ಏರುತ್ತದೆ. ಹಜಾರಕ್ಕೊಂದು, ಅಡುಗೆಮನೆಗೊಂದು ಎಂದು ಸ್ಪೀಕರ್ ಸೇರಿಸುತ್ತಾ ಹೋದವರ ರಿಸೀವರ್ ಸೋಲುವುದು ಇಲ್ಲಿ. ಹಿಂದಿನ ಫಲಕದ ಮೇಲೆ ಕನಿಷ್ಠ ಎಷ್ಟು ಓಮ್ ಎಂದು ಅಚ್ಚಾಗಿರುತ್ತದೆ; ಅದನ್ನು ಓದುವವರು ಕಡಿಮೆ.

ಅರ್ಧ ಗಂಟೆ, ಮುಕ್ಕಾಲು ಗಂಟೆ ಚೆನ್ನಾಗಿ ಹಾಡಿ ಆಮೇಲೆ ಆಫ್ ಆದರೆ ಅದು ಶಾಖದ ಲಕ್ಷಣ. ಸಾಮಾನ್ಯ ರಿಸೀವರ್‌ಗಳ ಎಬಿ ವರ್ಗದ ಆಂಪ್ಲಿಫೈಯರ್ ತಾನು ಎಳೆದುಕೊಂಡ ವಿದ್ಯುತ್ತಿನ ದೊಡ್ಡ ಪಾಲನ್ನು ಬಿಸಿಯಾಗಿಯೇ ಹೊರಹಾಕುತ್ತದೆ. ಟೀವಿ ಕೆಳಗಿನ ಗಾಜಿನ ಬಾಗಿಲ ಕಪಾಟಿನೊಳಗಿಟ್ಟು, ಮೇಲೆ ಸೆಟ್ ಟಾಪ್ ಬಾಕ್ಸ್ ಹೇರಿದರೆ ಆ ಬಿಸಿಗೆ ದಾರಿ ಎಲ್ಲಿ? ಮೇಲೆ ಒಂದು ಗೇಣು ಜಾಗ ಬಿಡಿ, ಜಾಲರಿಗೆ ಅಂಟಿದ ಧೂಳು ತೆಗೆಯಿರಿ. ಬಿಸಿಯಲ್ಲೇ ವರ್ಷಗಟ್ಟಲೆ ದುಡಿದ ಸೆಟ್‌ನಲ್ಲಿ ಕೆಪಾಸಿಟರ್‌ಗಳು ಒಣಗಿ ಬೇಗ ಸಾಯುತ್ತವೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಆಯುಸ್ಸು 10 ಡಿಗ್ರಿ ತಾಪ ಏರಿದಂತೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಹಾಡು ನಿಂತು ಒಂದಿಷ್ಟು ಹೊತ್ತಾದ ಮೇಲೆ ಅಥವಾ ಟೀವಿ ಆರಿಸಿದ ಕೂಡಲೇ ಆಫ್ ಆಗುವುದು ರೋಗವೇ ಅಲ್ಲ. ವಿದ್ಯುತ್ ಉಳಿತಾಯದ ಆಟೋ ಸ್ಟ್ಯಾಂಡ್‌ಬೈ ಅಥವಾ ಟೀವಿಯೊಡನೆ ಎಚ್‌ಡಿಎಂಐ ಹೊಂದಾಣಿಕೆ ಆ ಕೆಲಸ ಮಾಡುತ್ತಿರುತ್ತದೆ. ಮೆನುವಿನಲ್ಲಿ ಬದಲಿಸಬಹುದು.

ಇನ್ನು ಆನ್ ಮಾಡಿದ ಕೆಲವೇ ಸೆಕೆಂಡಿನಲ್ಲಿ ಆಫ್ ಆಗುವ ಸಂಗತಿ. ಪ್ಲಗ್ ಕಿತ್ತು, ಎಲ್ಲ ಸ್ಪೀಕರ್ ತಂತಿಗಳನ್ನೂ ಬಿಡಿಸಿ, ಬರಿಯ ರಿಸೀವರನ್ನು ಆನ್ ಮಾಡಿ. ಆಫ್ ಆಗದೆ ಉಳಿದರೆ ದೋಷ ಹೊರಗಿದೆ: ತಂತಿಯಲ್ಲೋ ಸ್ಪೀಕರ್‌ನಲ್ಲೋ. ಬಿಡಿಸಿದ 8 ಓಮ್ ಸ್ಪೀಕರ್‌ಗೆ ಮಲ್ಟಿಮೀಟರ್ ಹಿಡಿದರೆ ಸಾಮಾನ್ಯವಾಗಿ 6ರ ಆಸುಪಾಸು ತೋರಿಸಬೇಕು, ಸೊನ್ನೆಯ ಹತ್ತಿರ ಬಂದರೆ ಆ ಸ್ಪೀಕರೇ ಅಪರಾಧಿ. ಏನೂ ಜೋಡಿಸದೆಯೂ ಆಫ್ ಆದರೆ ಮಾತ್ರ ದೋಷ ಒಳಗಿದೆ. ಆಗ ಮತ್ತೆ ಮತ್ತೆ ಆನ್ ಮಾಡಬೇಡಿ, ಮುಚ್ಚಳವನ್ನೂ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ರಿಪೇರಿಗೆ ಒಯ್ಯುವಾಗ ಯಾವಾಗ, ಎಷ್ಟು ದನಿಯಲ್ಲಿ ಆಫ್ ಆಗುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಡಿ. ಪ್ರೊಟೆಕ್ಷನ್ ಬೈಪಾಸ್ ಮಾಡಿ ಹಾಡಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ, ಸೆಟ್ಟನ್ನು ವಾಪಸ್ ತನ್ನಿ.